ಅತ್ತೆಯ ಜೊತೆ ತೆಪ್ಪ ಹತ್ತಿದ್ದು

ಪ್ರವಾಸಿ ಕಚೇರಿಯ ಗುಮಾಸ್ತೆ ಹದಿನೆಂಟು ವರ್ಷಗಳಿಂದ ತೆಪ್ಪ ಸವಾರಿಗೆ ಟಿಕೆಟ್ ಕೊಡುತ್ತಿದ್ದಳು. ತಾನು ಮಾತ್ರ ಒಮ್ಮೆಯೂ ಹೊಳೆಗೆ ಇಳಿದಿರಲಿಲ್ಲ. ಒಂದು ಬೆಳಿಗ್ಗೆ ಅವಳ ಅತ್ತೆಯೇ ಕಿಟಕಿಯಾಚೆ ಬಂದು ನಿಂತರು.

"ಎರಡು ಟಿಕೆಟ್ ಕೊಡಮ್ಮ. ಒಂದು ನಿಂಗೆ."

"ಅತ್ತೆ, ನಿಮಗೆ ಎಪ್ಪತ್ತಾಯ್ತು!"

"ಅದಕ್ಕೇ ಇವತ್ತೇ ಹೋಗೋಣ ಅಂದಿದ್ದು."

ಮೇಲಧಿಕಾರಿ ನಗುತ್ತ ರಜೆ ಕೊಟ್ಟರು. ತೆಪ್ಪ ಬಂಡೆಗಳ ನಡುವೆ ಮೊದಲ ಸಲ ಧುಮುಕಿದಾಗ ಸೊಸೆ ಅತ್ತೆಯ ತೋಳು ಹಿಡಿದು ಕಿರುಚಿದಳು. ಅತ್ತೆ ಖುಷಿಗೆ ಅವಳಿಗಿಂತ ಜೋರಾಗಿ ಕೂಗಿದರು. ಎರಡನೆಯ ಸಲ ಸೊಸೆಗೂ ನಗು ತಡೆಯಲಾಗಲಿಲ್ಲ.

ಆಮೇಲೆ ಇಬ್ಬರೂ ದಡದ ಅಂಗಡಿಯಲ್ಲಿ ಒದ್ದೆ ಬಟ್ಟೆಯಲ್ಲೇ ಕುಳಿತು ಹುರಿದ ಮೀನು ತಿಂದರು. ಎದುರಿನ ಬಯಲಿನಲ್ಲಿ ಯಾರೋ ಹಬ್ಬಕ್ಕೆ ದೀಪದ ಸರ ಕಟ್ಟುತ್ತಿದ್ದರು.

"ನಾಳೆ ಅಲ್ಲಿ ಕುಣಿತ ಇದೆಯಂತೆ," ಎಂದರು ಅತ್ತೆ, ಬೆರಳು ಚೀಪುತ್ತ.

"ನಾನೇ ಕರ್ಕೊಂಡು ಹೋಗ್ತೀನಿ, ಬೇಗ ರೆಡಿಯಾಗಿ," ಎಂದಳು ಸೊಸೆ.