ನಾಸ್ತಿಕರ ಕೋಣೆಯಲ್ಲಿ ಶುಕ್ರವಾರ

ದೇವರನ್ನು ನಂಬುವುದರಲ್ಲಿ ಅನೇಕ ಭಕ್ತರಿಗೆ ಇಲ್ಲದಷ್ಟು ನಿಷ್ಠೆ, ನಂಬದಿರುವುದರಲ್ಲಿ ಸ್ನೇಹಲತಾ ಅವರಿಗಿದೆ. ಪತಿ ಜಯರಾಜ್ ಅವರನ್ನು ಲಿವರ್‌ಮೋರ್ ದೇವಸ್ಥಾನಕ್ಕೆ ಕಾರಿನಲ್ಲಿ ಕರೆದೊಯ್ಯುವವರು ಅವರೇ; ಆದರೆ ಗೋಪುರದ ನೆರಳೂ ತಾಗದಂತೆ ಪಾರ್ಕಿಂಗಿನ ಕಟ್ಟಕಡೆಯಲ್ಲಿ ಗಾಡಿ ನಿಲ್ಲಿಸಿ, ಮಕ್ಕಳ ಉತ್ತರಪತ್ರಿಕೆ ತಿದ್ದುತ್ತ ಕೂರುತ್ತಾರೆ. ಪ್ರಸಾದ ತಂದುಕೊಟ್ಟರೆ, "ತಿಂಡಿ ಅಂತ ಕೊಡಿ, ತಿನ್ತೇನೆ" ಎನ್ನುತ್ತಾರೆ. ಮಂಗಳೂರಿನಿಂದ ಕಡಲಾಚೆಯ ಈ ದೇಶಕ್ಕೆ ಬಂದು, ನಮ್ಮ ಈಸ್ಟ್ ಬೇ ಪ್ರದೇಶದ ಒಂದು ಪಬ್ಲಿಕ್, ಅಂದರೆ ಸರಕಾರಿ, ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸುವ ಈ ನೆರೆಮನೆಯಾಕೆಯನ್ನು ಪ್ರಯೋಗಶಾಲೆಯ ಬಿಳಿ ಕೋಟಿಲ್ಲದೆ ಕಂಡ ನೆನಪು ನನಗಿಲ್ಲ. ಆಮ್ಲ ಸಿಡಿದು ತೋಳು ತೂತಾದ ಅದೇ ಕೋಟಿನಲ್ಲಿ ಗ್ರೋಸರಿಗೂ ಬರುವರು, ಎದುರುಗಾಳಿಯನ್ನು ಸೀಳುವವರಂತೆ ಮುಂದಕ್ಕೆ ಬಾಗಿ ನಡೆಯುವರು.

ಇಂಥವರ ಬಳಿಗೆ ಒಂದು ಮಧ್ಯಾಹ್ನ ಇರಮ್ ಬಂದಳು. ಬೆಂಗಳೂರಿನ ಕುಟುಂಬದ ಹುಡುಗಿ, ಅವರ ತರಗತಿಯವಳೇ. ಮುಸ್ಲಿಂ ವಿದ್ಯಾರ್ಥಿಗಳ ಕ್ಲಬ್ಬು ಕಟ್ಟಬೇಕೆಂಬುದು ಅವಳ ಆಸೆ. ಮಕ್ಕಳೇ ಹುಟ್ಟುಹಾಕಿದ ಧಾರ್ಮಿಕ ಕ್ಲಬ್ಬಿಗೆ ಪಬ್ಲಿಕ್ ಶಾಲೆಯಲ್ಲಿ ಜಾಗವುಂಟು. ಅಧ್ಯಾಪಕರೊಬ್ಬರು ಕೋಣೆಯಲ್ಲಿರಬೇಕು, ಇದ್ದೂ ಅದರಲ್ಲಿ ಭಾಗಿಯಾಗಕೂಡದು ಎಂಬುದು ನಿಯಮ. ಕೇಳಿದ ಅಧ್ಯಾಪಕರೆಲ್ಲ ಸಮಯವಿಲ್ಲವೆಂದು ನಯವಾಗಿ ಜಾರಿಕೊಂಡಿದ್ದರು.

"ನಂಗೆ ದೇವರೇ ಇಲ್ಲ. ನನ್ನತ್ರ ಎಂತಕ್ಕೆ ಬಂದದ್ದು?" ಎಂದು ಸ್ನೇಹಲತಾ ಕೇಳಿದರಂತೆ.

"ಅದಕ್ಕೇ ಮಿಸ್. ನೀವು ಯಾರ ಸೈಡೂ ತಗೊಳಲ್ಲ" ಎಂದಳಂತೆ ಇರಮ್.

ಆ ಉತ್ತರ ಅವರಿಗೆ ಬಹಳ ಹಿಡಿಸಿತು. ಅಂದಿನಿಂದ ಪ್ರತಿ ಶುಕ್ರವಾರ ಊಟದ ಬಿಡುವಿನಲ್ಲಿ ಅವರ ಕೋಣೆಯ ಒಂದು ಬದಿಯಲ್ಲಿ ಮಕ್ಕಳು ನಮಾಜಿಗೆ ನಿಂತರೆ, ಇನ್ನೊಂದು ಬದಿಯಲ್ಲಿ ಅವರು ನೀರುದೋಸೆ ತಿನ್ನುತ್ತ ಕೂತರು. ಭಾಗಿಯಾಗದಿರುವುದನ್ನು ಅವರು ವ್ರತದಂತೆ ಪಾಲಿಸಿದರು. ಇಫ್ತಾರ್ ಕೂಟವನ್ನು ಯಾವ ದಿನ ಇಡೋಣವೆಂದು ಮಕ್ಕಳು ಕೇಳಿದರೆ ಮುಖ ತಿರುಗಿಸಿ, "ನಿಮ್ಮ ಕ್ಲಬ್ಬು, ನೀವೇ ನೋಡ್ಕೊಳ್ಳಿ" ಎನ್ನುವರು.

ಆಗಸ್ಟಿನಲ್ಲಿ ಶಾಲೆಯಂಗಳದಲ್ಲಿ ಎಲ್ಲ ಕ್ಲಬ್ಬುಗಳೂ ಮೇಜು ಹಾಕಿ ಹೊಸಬರನ್ನು ಸೇರಿಸಿಕೊಳ್ಳುವ ದಿನ ಹತ್ತಿರ ಬಂತು. ಆಗ ಪ್ರಿನ್ಸಿಪಾಲರಿಗೊಂದು ದೂರು ಹೋಯಿತು: ರಸಾಯನಶಾಸ್ತ್ರದ ಶಿಕ್ಷಕಿ ಮಕ್ಕಳಿಗೆ ಧರ್ಮಬೋಧನೆ ಮಾಡುತ್ತಿದ್ದಾರೆ! ಸುದ್ದಿ ಹೇಳಲು ಬಂದ ಸ್ನೇಹಲತಾ ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನಗು ನಿಂತಿತು. ಮುಸ್ಲಿಂ, ಕ್ರೈಸ್ತ, ಹಿಂದೂ ಯಾವ ಕ್ಲಬ್ಬಿಗೂ ಮೇಜಿಲ್ಲ, ಭಿತ್ತಿಪತ್ರವಿಲ್ಲವೆಂದು ಪ್ರಿನ್ಸಿಪಾಲರು ದೂರಿಗೆ ಹೆದರಿ ಹೇಳಿಬಿಟ್ಟಿದ್ದರು. ಚೆಸ್ಸಿಗೆ ಮೇಜುಂಟು, ರೋಬೋಟಿಗುಂಟು.

ಮರುದಿನ ಇರಮ್‌ಳ ತಾಯಿ ಆಬಿದಾ ಸ್ನೇಹಲತಾ ಅವರ ಮನೆಗೆ ಬಂದರು. ನಾನೂ ಅಲ್ಲಿದ್ದೆ. "ಬೇಡ ಮೇಡಂ, ಬಿಟ್ಬಿಡಿ. ಮಗಳ ಕಾಲೇಜ್ ಅಡ್ಮಿಷನ್ ಟೈಮು. ನಿಮ್ಮ ಕೆಲಸಕ್ಕೂ ತೊಂದರೆ. ಸುಮ್ನೆ ಇದ್ಬಿಡೋಣ."

ಸ್ನೇಹಲತಾ ಆಬಿದಾರ ಕೈಗೆ ಚಹಾ ಕೊಟ್ಟರು. ಆಮೇಲೆ ಹೇಳಿದರು: "ಸುಮ್ಮನೆ ಇರ್ಲಿಕ್ಕೆ ನಾನಿದ್ದೇನಲ್ಲ ಆಬಿದಾ. ರೂಲ್ಸು ಹೇಳಿದ್ದೂ ಅದನ್ನೇ. ಮಕ್ಕಳು ಮಾತಾಡ್ಲಿ."

ಮಕ್ಕಳು ಮಾತಾಡಿದರು. ಶಾಲಾ ಮಂಡಳಿಯ ಸಂಜೆಯ ಸಭೆಯಲ್ಲಿ ಇರಮ್ ಮೈಕಿನ ಮುಂದೆ ನಿಂತಾಗ ಅವಳ ಧ್ವನಿ ಮೊದಲು ನಡುಗಿತು. ಆಗ ಕ್ರೈಸ್ತ ಕ್ಲಬ್ಬಿನ ಹುಡುಗನೊಬ್ಬನೂ ಹಿಂದೂ ಕ್ಲಬ್ಬಿನ ಲಾಸ್ಯಾಳೂ ಎದ್ದುಹೋಗಿ ಅವಳ ಎರಡು ಬದಿಗೆ ನಿಂತರು. ಮಿಕ್ಕವರಿಗಿರುವುದು ನಮಗೂ ಇರಲಿ, ಹೆಚ್ಚೇನೂ ಬೇಡವೆಂದು ಅವಳು ಸ್ಪಷ್ಟವಾಗಿ ಹೇಳಿದಳು. ಮಂಡಳಿಯ ಸದಸ್ಯರೊಬ್ಬರು ಹಿಂದಿನ ಸಾಲಿನ ಬಿಳಿಕೋಟನ್ನು ಗುರುತಿಸಿ, ಈ ಮಕ್ಕಳಿಗೆ ನೀವು ಏನು ಬೋಧಿಸುತ್ತೀರೆಂದು ಕೇಳಿದರು. ಸ್ನೇಹಲತಾ ಎದ್ದು, ಇಂಗ್ಲಿಷಿನಲ್ಲೂ ಮಂಗಳೂರಿನ ಲಯ ಬಿಡದೆ ಉತ್ತರಿಸಿದರು: ತಾವು ಕೋಣೆಯ ಬೀಗ ತೆಗೆಯುವುದು, ಊಟ ಮಾಡುವುದು, ಪತ್ರಿಕೆ ತಿದ್ದುವುದು ಅಷ್ಟೇ; ದೇವರ ವಿಷಯ ತಮಗೇನೂ ತಿಳಿಯದು, ಚೆಸ್ ಕ್ಲಬ್ಬಿನ ಮೇಷ್ಟರಿಗೆ ಚೆಸ್ ತಿಳಿಯದಂತೆಯೇ. ಚೆಸ್ ಕ್ಲಬ್ಬಿನ ಮೇಷ್ಟರು ಅಲ್ಲೇ ಇದ್ದರು. ಮೊದಲು ನಕ್ಕವರು ಅವರೇ. ನಗು ಸಭೆಯನ್ನೆಲ್ಲ ವ್ಯಾಪಿಸಿತು. ಎಲ್ಲ ಕ್ಲಬ್ಬಿಗೂ ಒಂದೇ ನಿಯಮವೆಂದು ಮಂಡಳಿ ಅಲ್ಲಿಯೇ ಸಾರಿತು. ಆಬಿದಾ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು.

ಮೇಜಿನ ದಿನ ನಾನೂ ಹೋಗಿದ್ದೆ. ಇರಮ್ ಖರ್ಜೂರದ ತಟ್ಟೆ ಹಿಡಿದು ಸೇನಾನಿಯಂತೆ ನಿಂತಿದ್ದಳು. ಅವಳ ಮುಂದಿನ ಸಾಲು ಅಂಗಳದ ಮರದವರೆಗೂ ಬೆಳೆದಿತ್ತು. "ಏನು ಟೀಚರ್, ಈಗಲಾದರೂ ನಂಬಿಕೆ ಬಂತೇ?" ಎಂದು ಪಕ್ಕದಲ್ಲಿದ್ದ ಸ್ನೇಹಲತಾ ಅವರನ್ನು ಛೇಡಿಸಿದೆ.

"ಇಲ್ಲ ಮಾರಾಯ್ರೆ. ಖರ್ಜೂರ ಮಾತ್ರ ಒಳ್ಳೆದುಂಟು" ಎಂದು ಇನ್ನೊಂದಕ್ಕೆ ಕೈ ಚಾಚಿದರು.

ತಮ್ಮ ದೇವರಿಗಾಗಿ ಹೋರಾಡುವವರು ಎಲ್ಲ ಕಾಲದಲ್ಲೂ, ಎಲ್ಲ ದೇಶದಲ್ಲೂ ಹೇರಳವಾಗಿ ಸಿಗುತ್ತಾರೆ. ತಮ್ಮದಲ್ಲದ ದೇವರ ಮುಂದೆ ಪರರ ಮಕ್ಕಳು ನಿರ್ಭಯವಾಗಿ ತಲೆಬಾಗಲೆಂದು, ತಾವು ತಲೆಬಾಗದೆ ಕಾವಲು ಕೂರುವವರು ವಿರಳ. ನಾನಾ ಮತಗಳ ಜನ ಒಂದೇ ಊರಿನಲ್ಲಿ ನೆಮ್ಮದಿಯಿಂದ ಬಾಳುತ್ತಿದ್ದಾರೆಂದರೆ, ಅದು ಇಂಥವರ ಪುಣ್ಯ. ಆ ಪದವನ್ನು ಅವರು ಒಪ್ಪದಿದ್ದರೂ.