ತ್ರಾನ್ಸಿತೊನ ಒಂಬತ್ತು ದಿನ

ರೇಡಿಯೊ ಸ್ಟೇಷನ್ನಿನ ಬಾಗಿಲಿಗೆ ತಗುಲಿಸಿದ್ದ, ಜನ ಸುದ್ದಿಯ ಚೀಟಿ ಹಾಕುವ ಮರದ ಪೆಟ್ಟಿಗೆಯನ್ನು ಮೈಕಿನ ಮುಂದೆಯೇ ತೆರೆಯಬೇಕು, ಮೊದಲೇ ಓದಿ ಚೀಟಿ ಆರಿಸಬಾರದು. ಇದು ಅಲ್ಲಿ ಕಾರ್ಯಕ್ರಮ ನಡೆಸುವ ನೋಲ್ವಿಯಾ ತಾನೇ ಮಾಡಿಕೊಂಡ ಕಟ್ಟಳೆ. ರೇಡಿಯೊದವರು ನಮ್ಮ ಚೀಟಿ ಮುಚ್ಚಿಟ್ಟರು ಎಂದು ಯಾರೂ ಬೊಟ್ಟು ಮಾಡಬಾರದಲ್ಲ! ಹನ್ನೊಂದು ವರ್ಷ ಹಾಗೇ ನಡೆಸಿದ್ದಳು. ಅದರ ಬಗ್ಗೆ ಅವಳಿಗೆ ಕೊಂಚ ಜಂಬವೂ ಇತ್ತು.

ಹೊಂಡುರಾಸಿನ ಆ ಪಡುವಣ ಗುಡ್ಡಗಳಲ್ಲಿ ಫೋನು ಹಿಡಿಯುವುದಿಲ್ಲ. ಕಳೆದುಹೋದ ಹಸು, ಹುಟ್ಟಿದ ಕೂಸು, ಸತ್ತ ಅಜ್ಜಿ ಎಲ್ಲವೂ ಆ ಪೆಟ್ಟಿಗೆಯಿಂದಲೇ ಊರೂರಿಗೆ ಹೋಗಬೇಕು. ಪೇಟೆಗೆ ಬಂದವರು ಯಾವ ಬಸ್ಸಿಗೆ ವಾಪಸಾಗುತ್ತಾರೆಂದೂ ರೇಡಿಯೊವೇ ಹೇಳಬೇಕು. ಆಗ ಮನೆಯವರು ರಸ್ತೆಗೆ ಹೇಸರಗತ್ತೆ ಕಳಿಸುತ್ತಾರೆ.

ಆ ದಿನ ಹತ್ತು ಗಂಟೆಯ ಮಾತುಕತೆಗೆ ಬಂದಿದ್ದವನು ಕರ್ರಿಸಾಲ್ ಎಂಬ ಹಳ್ಳಿಯ, ಮುಖವಾಡ ಕೆತ್ತುವ ಮುದುಕ, ತ್ರಾನ್ಸಿತೊ ಮಾನ್ವೆಲೆಸ್. ಮಾತು ಹಬ್ಬದ ಕುಣಿತದಿಂದ ಶುರುವಾಗಿ ಮುಖವಾಡಕ್ಕೆ ಬಂತು, ಮುಖವಾಡದಿಂದ ಮರಕ್ಕೆ, ಮರದಿಂದ ಗುಡ್ಡಕ್ಕೆ ಹೊಸದಾಗಿ ಬಿದ್ದ ತಂತಿಬೇಲಿಗೆ.

"ಆ ಗುಡ್ಡ ನಮ್ಮೂರ ಹೆಸರಲ್ಲಿದೆ, ಕಾಗದ ನನ್ನ ಹತ್ರ ಇದೆ," ಎಂದ ತ್ರಾನ್ಸಿತೊ. "ಬೇಲಿ ಹಾಕಿಸಿದ ಸಾಹೇಬ್ರು ಒಂದ್ಸಲ ಇಲ್ಲಿಗೆ ಬಂದು ಕೂತ್ಕೊಳ್ಳಲಿ. ಅವರ ಮುಖಾನೂ ಒಂದು ಕೆತ್ತಿ ಕೊಡ್ತೀನಿ. ದೆವ್ವದ ಪಾತ್ರಕ್ಕೆ ಮುಖ ಕಮ್ಮಿ ಬಿದ್ದಿದೆ."

ನೋಲ್ವಿಯಾ ಬಿದ್ದು ಬಿದ್ದು ನಕ್ಕಳು. ನಗುತ್ತಲೇ, ಎಂದಿನಂತೆ, "ಇಸೌರಕ್ಕಾ, ನಿಮ್ಮ ತಮ್ಮ ಹನ್ನೆರಡರ ಬಸ್ಸಿಗೆ ಬರ್ತಾರೆ, ಹೇಸರಗತ್ತೆ ಕಳಿಸಿ," ಎಂದು ಸಾರಿದಳು. ಆಮೇಲೆ ಪೆಟ್ಟಿಗೆ ತೆರೆದಳು.

ಎರಡನೆಯ ಚೀಟಿ ಸಾವಿನದು. ಸಾವಿನ ಚೀಟಿಗೆಂದೇ ಇಟ್ಟ ಮರಿಂಬಾ ವಾದ್ಯದ ನಿಧಾನದ ರಾಗವನ್ನು ಹಾಕಿ, ಸ್ವರ ತಗ್ಗಿಸಿ ಓದತೊಡಗಿದಳು. "ಭಾರವಾದ ಮನಸ್ಸಿನಿಂದ ತಿಳಿಸುವುದೇನೆಂದರೆ, ಕರ್ರಿಸಾಲಿನ ತ್ರಾನ್ಸಿತೊ ಮಾನ್ವೆಲೆಸ್ ಅವರು ಇಂದು ಮಧ್ಯಾಹ್ನ..."

ನಾಲಿಗೆ ಅಲ್ಲಿಗೇ ನಿಂತಿತು. ಎದುರಿಗೆ ತ್ರಾನ್ಸಿತೊ ಕಾಫಿ ಲೋಟ ಹಿಡಿದುಕೊಂಡು ಕೂತಿದ್ದ. ಗಡಿಯಾರದಲ್ಲಿ ಹನ್ನೊಂದೂ ಆಗಿರಲಿಲ್ಲ. ನೋಲ್ವಿಯಾ ಮೈಕ್ ಆರಿಸಿ ರಾಗದ ದನಿ ಏರಿಸಿದಳು.

"ಬಸ್ಸಿನ ಹೊತ್ತು ಹೇಳಿಬಿಟ್ಟೆನಲ್ಲ! ನನ್ನ ಬಾಯಿಗೆ ಬೆಂಕಿ ಬೀಳ. ನೀವಿವತ್ತು ಹೋಗ್ಬೇಡಿ, ನಮ್ಮನೇಲೇ ಇರಿ."

"ನಾನಿಲ್ಲಿ ಅಡಗಿ ಕೂತ್ರೆ ಆ ಬೇಲಿಯವರ ಜನ ನಮ್ಮನೆಗೆ ಹೋಗ್ತಾರೆ ಮಗಳೇ. ಅಲ್ಲಿ ಅಕ್ಕ ಒಬ್ಬಳೇ."

ಪೊಲೀಸ್ ಠಾಣೆ ಇರಲಿಲ್ಲವೆಂದಲ್ಲ. ಅದರ ಜೀಪಿಗೆ ಡೀಸೆಲ್ ಹಾಕಿಸುತ್ತಿದ್ದವನೂ ಬೇಲಿ ಹಾಕಿಸಿದವನೇ. ಅಂಥ ಠಾಣೆಗೆ ಹೋಗಿ ಏನೆಂದು ಬಡಿದುಕೊಳ್ಳುವುದು?

ತ್ರಾನ್ಸಿತೊ ಚೀಟಿಯನ್ನು ತಾನೇ ಒಮ್ಮೆ ಓದಿ ಮಡಿಸಿಟ್ಟ. ಮುಖ ಬಿಳಿಚಿತ್ತು, ಆದರೂ ಕುಚೋದ್ಯ ಬಿಡಲಿಲ್ಲ. "ಇಸೌರಾ ಕೇಳಿಸ್ಕೊಂಡಿರ್ತಾಳೆ. ಅತ್ಕೊಂಡೇ ದೊಡ್ಡ ಹಂಡೇಲಿ ಕಾಫಿಗೆ ನೀರಿಟ್ಟಿರ್ತಾಳೆ. ಇಡೀ ಕಣಿವೆ ಬಂದು ಕೂರುತ್ತಲ್ಲ."

ನೋಲ್ವಿಯಾ ತಟ್ಟನೆ ತಲೆ ಎತ್ತಿದಳು. ಇಡೀ ಕಣಿವೆ. ಸಾವಿನ ಮನೆಗೆ ಹೋಗದೆ ಉಳಿದವರನ್ನು ಅವಳು ಈ ಊರುಗಳಲ್ಲಿ ಕಂಡೇ ಇರಲಿಲ್ಲ. ಮೈಕ್ ಹಾಕಿ ಚೀಟಿಯನ್ನು ಮೊದಲಿನಿಂದ ಪೂರ್ತಿ ಓದಿದಳು. ಬಳಿಕ ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಇಸೌರಕ್ಕಾ, ಅಳಬೇಡಿ. ನಿಮ್ಮ ತಮ್ಮ ನನ್ನೆದುರಿಗೇ ಕೂತಿದ್ದಾರೆ. ಈ ಚೀಟಿ ಯಾರೋ ಮುಂಚೆಯೇ ಬರೆದಿಟ್ಟದ್ದು. ಎಲ್ಲರೂ ಕೇಳಿ, ಸಾವಿಗೆ ಬರೋರು ಮನೆಗೆ ಹೋಗಬೇಡಿ, ಬಸ್ಸು ನಿಲ್ಲೋ ಜಾಗಕ್ಕೇ ಬನ್ನಿ. ಮೊಂಬತ್ತಿ ತನ್ನಿ, ಕುರ್ಚಿ ತನ್ನಿ, ಮಕ್ಕಳು ಮರೀನೂ ಕರ್ಕೊಂಡು ಬನ್ನಿ. ಸತ್ತೋರು ಹನ್ನೆರಡರ ಬಸ್ಸಿಗೇ ಬರ್ತಾರೆ."

ಅವಳೂ ಅವನ ಜೊತೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಿಟಕಿಯಾಚೆ ಕಣ್ಣು ನೆಟ್ಟಿದ್ದಳು. ಒಬ್ಬರೂ ಬರದಿದ್ದರೆ? ಬಂದವರ ಮೇಲೆಯೇ ಗುಂಡು ಹಾರಿದರೆ?

ಕರ್ರಿಸಾಲಿನ ತಿರುವಿನಲ್ಲಿ ರಸ್ತೆಯೇ ಕಾಣಲಿಲ್ಲ, ಅಷ್ಟು ಜನ. ಹಾಡುಹಗಲಲ್ಲಿ ಮೊಂಬತ್ತಿ ಉರಿಯುತ್ತಿದ್ದವು. ಹಂಡೆಯಲ್ಲಿ ಕಾಫಿ ಕುದಿಯುತ್ತಿತ್ತು. ಇಳಿದ ತಮ್ಮನ ಕೆನ್ನೆಗೆ ಇಸೌರಾ ಮೊದಲು ಒಂದು ಬಾರಿಸಿ ಆಮೇಲೆ ತಬ್ಬಿಕೊಂಡಳು.

"ಸಾಯೋದನ್ನೂ ನೆಟ್ಟಗೆ ಕಲೀಲಿಲ್ಲ ಮುಂಡೇದು," ಎಂದು ಅತ್ತಳು.

ಜನರ ಅಂಚಿನಲ್ಲಿ ಒಂದು ಮೋಟಾರ್‌ಬೈಕ್ ನಿಂತಿತ್ತು. ಮೇಲೆ ಇಬ್ಬರು, ಆ ಸೀಮೆಯವರಲ್ಲ. ಎಂಜಿನ್ ಆರಿಸಿರಲಿಲ್ಲ. ಸಾವಿಗೆ ಬಂದವರು ಯಾರೇ ಆಗಲಿ, ಬರಿಗೈಯಲ್ಲಿ ನಿಲ್ಲಿಸಬಾರದು. ಇಸೌರಾ ಕಣ್ಣೊರೆಸಿಕೊಂಡು ಅವರಿಗೂ ಕಾಫಿ, ಬ್ರೆಡ್ಡು ಒಯ್ದಳು. ಹಿಂದೆ ಕೂತಿದ್ದವನು ನಿಧಾನವಾಗಿ ಕುಡಿದು ಲೋಟ ವಾಪಸು ಕೊಟ್ಟ.

"ಚೆನ್ನಾಗಿದೆ ಅಮ್ಮಾ," ಎಂದ. "ಎಷ್ಟು ದಿನ ಕೂರ್ತೀರಿ?"

"ಒಂಬತ್ತು ದಿನ. ನಮ್ಮಲ್ಲಿ ಪ್ರಾರ್ಥನೆ ಒಂಬತ್ತು ದಿನ," ಎಂದಳು ಇಸೌರಾ.

ಅವನು ತಲೆಯಾಡಿಸಿದ. ಬೈಕು ಹೊರಟುಹೋಯಿತು.

ಕಣಿವೆಯ ಜನ ಸರದಿಯ ಮೇಲೆ ಒಂಬತ್ತು ಹಗಲು, ಒಂಬತ್ತು ರಾತ್ರಿ ತ್ರಾನ್ಸಿತೊನ ಅಂಗಳದಲ್ಲಿ ಕೂತರು. ಪ್ರಾರ್ಥನೆ ಹೇಳಿದರು, ಇಸ್ಪೀಟು ಆಡಿದರು, 'ಹೆಣ'ವಾದ ತ್ರಾನ್ಸಿತೊನ ಕೈಯಲ್ಲೇ ಕಾಫಿ ಬಸಿಸಿಕೊಂಡು ಕುಡಿದು ಗೇಲಿ ಮಾಡಿದರು. ನೋಲ್ವಿಯಾ ದಿನವೂ ರೇಡಿಯೊದಲ್ಲಿ ದಿನ ಎಣಿಸಿದಳು. ಎಣಿಕೆ ಏರಿದಷ್ಟೂ ಅವಳ ಭಯವೂ ಏರುತ್ತಿತ್ತು. ಒಂಬತ್ತು ಮುಗಿದರೆ ಜನ ಎದ್ದು ಹೋಗುತ್ತಾರೆ. ಹೊಲಗದ್ದೆ ಇದೆ, ಹಸುಕರು ಇದೆ, ಅವರನ್ನು ದೂರುವಂತಿಲ್ಲ.

ಹತ್ತನೆಯ ಬೆಳಿಗ್ಗೆ ಪೆಟ್ಟಿಗೆಯಲ್ಲಿ ಒಂದೇ ಚೀಟಿ ಇತ್ತು. ಮಡಿಸಿದ ರೀತಿ ನೋಡಿಯೇ ಇದೂ ಆ ಸಾವಿನ ಚೀಟಿ ಬರೆದವರದೇ ಎಂದು ಅವಳಿಗೆ ಗೊತ್ತಾಯಿತು. ಬೇಕಾದರೆ ಹರಿದು ಒಲೆಗೆ ಹಾಕಬಹುದಿತ್ತು. ಆದರೆ ಮೈಕ್ ಹಾಕಿಯಾಗಿತ್ತು, ಕಟ್ಟಳೆ ಅವಳದೇ. ಮರಿಂಬಾದ ರಾಗ ಹಾಕಿ, ಬಿಡಿಸಿ ಓದಿದಳು.

"ಒಂಬತ್ತು ಮುಗಿಯಿತು. ನಮಗೇನೂ ಅವಸರವಿಲ್ಲ."

ಮರಿಂಬಾದ ರಾಗ ತನ್ನಷ್ಟಕ್ಕೆ ನಡೆದಿತ್ತು. ನೋಲ್ವಿಯಾ ಚೀಟಿಯನ್ನು ಮೇಜಿನ ಮೇಲಿಟ್ಟು ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದಳು. ಸ್ವರ ಒಡೆಯುತ್ತಿದ್ದುದು ಗುಡ್ಡಗುಡ್ಡಕ್ಕೂ ಕೇಳಿಸಿತು.

"ಕರ್ರಿಸಾಲಿನ ತ್ರಾನ್ಸಿತೊ ಮಾನ್ವೆಲೆಸ್ ಅವರ ಪ್ರಾರ್ಥನೆ," ಎಂದಳು. "ಇವತ್ತು ಮೊದಲನೇ ದಿನ. ದಯವಿಟ್ಟು ಯಾರೂ ಮನೇಲಿ ಉಳೀಬೇಡಿ."