ಕುರಿ ಇಲ್ಲದ ಕೂಗು

ಪರದೆಯ ಮೇಲಿನ ಹಸಿರು ಗೆರೆ ಅಲುಗಲಿಲ್ಲ.

“ಅಪ್ಪಾ, ಕಾಲು ಮುಂದಿಡು.”

“ಇಡಾಕತ್ತೀನಿ.”

ಅಪ್ಪನ ಹಣೆಯ ನರ ಉಬ್ಬಿತ್ತು. ಕೋಲು ಹಿಡಿದ ಬೆರಳುಗಳು ಬಿಳಚಿಕೊಂಡಿದ್ದವು. ಬಲಗಾಲು ಮಾತ್ರ ಇನ್ನೊಬ್ಬರದೆಂಬಂತೆ ನಿಂತಿತ್ತು. ಅದರ ಎರಡೂ ಬದಿಗೆ ನಾನು ಕಟ್ಟಿದ ಅಲ್ಯೂಮಿನಿಯಂ ಪಟ್ಟಿಗಳು, ಮಂಡಿಯ ಹತ್ತಿರ ಗುಜರಿ ಟೆಂಪೊದಿಂದ ಬಿಚ್ಚಿ ತಂದ ವೈಪರ್ ಮೋಟಾರು, ಸೊಂಟದಲ್ಲಿ ಬೈಕಿನ ಬ್ಯಾಟರಿ. ತೊಡೆಯ ಮೇಲೆ ಅಂಗಿಯ ಗುಂಡಿಯಷ್ಟೇ ಇರುವ ಮೂರು ಬಿಲ್ಲೆಗಳು. ಮನಸ್ಸಿನ ಮಾತು ತೊಡೆಯ ಸ್ನಾಯುವಿಗೆ ಮುಟ್ಟಿದಾಗ ಅಲ್ಲಿ ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ. ಬಿಲ್ಲೆಗಳು ಅದನ್ನು ಹಿಡಿಯಬೇಕು, ನನ್ನ ಡಬ್ಬಿ ಅದನ್ನು ದೊಡ್ಡದು ಮಾಡಬೇಕು, ಪರದೆಯ ಗೆರೆ ಅದಕ್ಕೆ ಹಾರಬೇಕು, ಮೋಟಾರು ಮಂಡಿಯನ್ನು ಚಾಚಬೇಕು. ನನ್ನ ಕಾಲಿಗೆ ಕಟ್ಟಿಕೊಂಡರೆ ಪ್ರತಿ ಸಲವೂ ಚಾಚುತ್ತಿತ್ತು.

“ಈ ಕಾಲು ಏಳ್ಲಿಲ್ಲಂದ್ರ ನಾವಿಬ್ರೂ ಇಲ್ಲೇ ಹಂಚು ಹೊರೂದು ನೋಡ್,” ಎಂದಳು ರೂಪಾಲಿ, ಹಂಚಿನ ಕಾರ್ಖಾನೆಯ ಗೇಟಿನೊಳಗೆ ಕಣ್ಣು ಹಾಯಿಸಿ. ಅವಳು ನನ್ನ ಪ್ರಾಜೆಕ್ಟಿನ ಜೊತೆಗಾತಿ. ಆ ಭಾರದ ಪರದೆಯ ಪೆಟ್ಟಿಗೆಯನ್ನು ಬೆಳಗಾವಿಯಿಂದ ಖಾನಾಪುರದವರೆಗೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದಿದ್ದಳು. ಕಂಡಕ್ಟರು ಅದನ್ನು ಟಿವಿ ಎಂದುಕೊಂಡು ಕ್ರಿಕೆಟ್ ಸ್ಕೋರು ಕೇಳಿದ್ದ.

“ಹೊರ್ರಿ, ಹೊರ್ರಿ,” ಎಂದ ಅಪ್ಪ. “ವಾಚಮನ್ ನಾನಽ ಅದೀನಿ. ಒಳಗ ಬಿಡ್ತೀನಿ.”

ಅವನು ಹಂಚಿನ ಕಾರ್ಖಾನೆಯ ಗೇಟಿನಲ್ಲಿ ಕೂರಲು ತೊಡಗಿ ಮೂರು ವರ್ಷವಾಗಿತ್ತು. ಅದಕ್ಕೂ ಮುಂಚೆ ಅವನು ಕುರಿ ಕಾಯುತ್ತಿದ್ದ, ಭರಮಪ್ಪ ಅಂದರೆ ಕಾಕತಿಯಿಂದ ಕಣಕುಂಬಿಯವರೆಗೆ ಎಲ್ಲ ಗದ್ದೆಯವರಿಗೂ ಗೊತ್ತು. ಬೇಸಿಗೆಯಲ್ಲಿ ಹಿಕ್ಕೆಯ ಗೊಬ್ಬರಕ್ಕೆಂದು ಅವನ ಕುರಿಗಳು ತಮ್ಮ ಹೊಲದಲ್ಲಿ ಒಂದು ರಾತ್ರಿಯಾದರೂ ತಂಗಲಿ ಎಂದು ಜನ ಹೇಳಿ ಕಳಿಸುತ್ತಿದ್ದರು. ಆಮೇಲೆ ಒಂದು ಸಂಜೆ ಲಾರಿಯೊಂದು ಹಿಂಡಿನೊಳಗೆ ನುಗ್ಗಿತು. ಹದಿನಾಲ್ಕು ಕುರಿ ಸತ್ತವು. ಅಪ್ಪನ ಸೊಂಟದ ನರಕ್ಕೆ ಪೆಟ್ಟಾಯಿತು. ಉಳಿದ ಕುರಿಗಳನ್ನು ಕರೆಪ್ಪ ಕಾಕಾ ಹೊಡೆದುಕೊಂಡು ಹೋದ. ಕಾಲು ಪೂರ್ತಿ ಸತ್ತಿಲ್ಲ, ಸ್ವಲ್ಪ ಸಂದೇಶ ಇಳಿಯುತ್ತಿದೆ ಎಂದು ಡಾಕ್ಟರು ಹೇಳಿದ್ದರು. ಆ ಸ್ವಲ್ಪವನ್ನು ನಂಬಿ ನಾನು ಇಂಜಿನಿಯರಿಂಗಿನ ಕೊನೆಯ ವರ್ಷವನ್ನೆಲ್ಲ ಕಳೆದಿದ್ದೆ.

ಅಂದು ಶನಿವಾರ. ಸೋಮವಾರ ಹತ್ತು ಗಂಟೆಗೆ ಹೊರಗಿನ ಪರೀಕ್ಷಕರು ಬರುತ್ತಿದ್ದರು. ನನಗೆ ಪರೀಕ್ಷೆಯ ಭಯಕ್ಕಿಂತ ಬೇರೆಯೊಂದು ಭಯವಿತ್ತು. ‘ನೀ ನಡೀತೀ’ ಎಂದು ಅಪ್ಪನಿಗೆ ಹೇಳಿಬಿಟ್ಟಿದ್ದೆ.

“ಇನ್ನೊಮ್ಮೆ,” ಎಂದೆ.

ಆಗಲೇ ರಸ್ತೆಯಲ್ಲಿ ಧೂಳೆದ್ದಿತು. ಗದ್ದೆಯ ಕಡೆ ಹೊರಟ ಯಾರದೋ ಹಿಂಡು. ಕಂಬಳಿ ಹೊದ್ದ ಕುರುಬ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ‘ಟ್ರ್‌ರ್‌ರ್’ ಎಂದು ಎಳೆದು, ಕೊನೆಗೆ ಸಣ್ಣಗೆ ‘ಹೋ’ ಎಂದ.

ಹಸಿರು ಗೆರೆ ಪರದೆಯ ನೆತ್ತಿಗೆ ಹಾರಿತು. ಮೋಟಾರು ಗುಂಯ್‌ಗುಟ್ಟಿತು. ಅಪ್ಪನ ಬಲಗಾಲು ಮುಂದೆ ಹೋಯಿತು. ಅವನು ಸಿದ್ಧನಿರಲಿಲ್ಲ. ಗೇಟಿನ ಸರಳು ಹಿಡಿಯದಿದ್ದರೆ ಮುಖ ಅಡಿಯಾಗಿ ಬೀಳುತ್ತಿದ್ದ.

“ಅರೇ, ಆತಲ್ಲ,” ಎಂದಳು ರೂಪಾಲಿ.

ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಜಿರಲೆಯ ನಡಿಗೆ ನೋಡಿ ಆರು ಕಾಲಿನ ಯಂತ್ರ ಮಾಡಿದವರ ಬಗ್ಗೆ, ಕೋತಿಯ ಮೆದುಳಿಗೆ ತಂತಿ ಇಟ್ಟವರ ಬಗ್ಗೆ ಲೈಬ್ರರಿಯಲ್ಲಿ ಓದಿದ್ದೆ. ಅವರೆಲ್ಲ ಮೊದಲು ಪ್ರಾಣಿ ಹೇಗೆ ನಡೆಯುತ್ತದೆಂದು ನೋಡಿದ್ದರು. ನಾನು ಅಪ್ಪನನ್ನು ನೋಡಿರಲಿಲ್ಲ. ‘ಕಾಲು ಮುಂದಿಡು’ ಎಂದುಕೊಂಡು ಅವನು ಯಾವತ್ತೂ ಕಾಲು ಮುಂದಿಟ್ಟವನಲ್ಲ. ನಲವತ್ತು ವರ್ಷ ಕೂಗುತ್ತ ನಡೆದಿದ್ದ. ಅವನೊಳಗೆ ಹೆಜ್ಜೆ ಕೂಗಿಗೆ ಅಂಟಿಕೊಂಡಿತ್ತು.

“ಅಪ್ಪಾ, ನೀ ಕೂಗು. ಕುರಿ ಕೂಗ್ತಿದ್ದಿಯಲ್ಲ, ಹಂಗ.”

ಅಪ್ಪ ಗೇಟಿನ ಸರಳು ಬಿಡಲಿಲ್ಲ. “ಇಲ್ಲಿ ಕುರಿ ಎಲ್ಲೆದಾವ?”

“ಸುಮ್ಮನ ಕೂಗು.”

“ಸುಮ್ಮನ ಕೂಗೂದಲ್ಲ ಅದು.”

ಚಹಾ ತಂದಿದ್ದ ಅವ್ವ ನನ್ನನ್ನು ಬದಿಗೆ ಎಳೆದಳು. ಅವಳ ಹೆಸರು ಫಕೀರವ್ವ, ಮಾತಿಗಿಂತ ಕಣ್ಣಿನಲ್ಲೇ ಹೆಚ್ಚು ಬೈಯುವವಳು. ಮಗಳಾದ ನನ್ನನ್ನು ಅವಳೂ ಅಪ್ಪನೂ ತಂಗಿ ಎಂದೇ ಕರೆಯುತ್ತಿದ್ದರು. “ಹಿಂಡಿಲ್ಲದ ಜಾಗಾದಾಗ ಕೂಗಬಾರ್ದಂತ ಅವ್ರಪ್ಪ ಹೇಳಿದ್ದ. ಕೂಗಿದ್ರ ಸತ್ತವು ಎದ್ದು ಬೆನ್ನ ಹತ್ತತಾವಂತ. ಹದಿನಾಲ್ಕ ಸತ್ತಾವ, ತಂಗಿ. ಅಂವ ಮೂರ ವರ್ಷಾತು, ಕನಸಿನ್ಯಾಗೂ ಬಾಯಿ ಮುಚ್ಚಕೊಂಡ ಮಲಗ್ತಾನ.”

ಅಪ್ಪ ದೂರದಿಂದಲೇ ಹೇಳಿದ: “ಸೋಮಾರ ಬರ್ತೀನಿ. ನಿಂದ್ರು ಅಂದಲ್ಲಿ ನಿಂದರ್ತೀನಿ. ಕೂಗಂಗಿಲ್ಲ.”

ತಿರುಗಿ ಬರುವ ಬಸ್ಸಿನಲ್ಲಿ ಪರದೆಯ ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು. ಆ ಕೂಗು ನನಗೂ ಬರುತ್ತಿತ್ತು. ಶಾಲೆಗೆ ಸೂಟಿ ಇದ್ದಾಗ ಹಿಂಡಿನ ಹಿಂದೆ ನಡೆದು ಕಲಿತಿದ್ದೆ. ತಾನು ಕೂಗುವುದಿಲ್ಲ ಎಂದಷ್ಟೇ ಅಪ್ಪ ಹೇಳಿದ್ದ. ನೀನು ಕೂಗಬೇಡ ಎಂದಿರಲಿಲ್ಲ. ದೇಸೂರು ದಾಟುವವರೆಗೆ ಈ ಒಂದು ವಾಕ್ಯವನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಎಲ್ಲಿಂದ ನೋಡಿದರೂ ಅದು ಕಳ್ಳನ ವಾಕ್ಯವಾಗಿತ್ತು. ಆದರೂ ಗಟ್ಟಿಯಾಗಿ ಹಿಡಿದುಕೊಂಡೆ.

ಸೋಮವಾರ ಅಪ್ಪ ಒಗೆದ ಧೋತ್ರ ಉಟ್ಟು, ಹೆಗಲಿಗೆ ಕಂಬಳಿ ಹಾಕಿಕೊಂಡು ಬೆಳಗಾವಿಯ ಕಾಲೇಜಿಗೆ ಬಂದ. ಲ್ಯಾಬು ಎರಡನೆಯ ಮಹಡಿಯಲ್ಲಿತ್ತು. ಒಂದೊಂದು ಮೆಟ್ಟಿಲಿಗೂ ಬಲಗಾಲನ್ನು ಕೈಯಿಂದ ಎತ್ತಿಟ್ಟು ಹತ್ತಿದ. ನಮ್ಮ ಗೈಡು ಗಜಾನನ ಸರ್ ಕುರ್ಚಿ ಕೊಟ್ಟು, “ಕುಂದರ್ರಿ ಯಜಮಾನ್ರ” ಎಂದರು. ಅಪ್ಪ ಕೂರಲಿಲ್ಲ. ಕೂತರೆ ಮತ್ತೆ ಏಳುವುದನ್ನು ಎಲ್ಲರೂ ನೋಡಬೇಕಾಗುತ್ತಿತ್ತು.

ಪರೀಕ್ಷಕರು ಬಿಳಿ ಕೂದಲಿನ, ಅವಸರದ ಮನುಷ್ಯ. ಪಟ್ಟಿ ಕಟ್ಟಿ, ಬಿಲ್ಲೆ ಅಂಟಿಸಿ, ಸ್ವಿಚ್ಚು ಹಾಕಿದೆ. ಅಪ್ಪ ಮನಸ್ಸಿನಲ್ಲೇ ಹೆಣಗಿದ. ಗೆರೆ ಅಲುಗಲಿಲ್ಲ. ಪರೀಕ್ಷಕರು ಗಡಿಯಾರ ನೋಡಿದರು. ಮತ್ತೊಂದು ನಿಮಿಷ. ರೂಪಾಲಿ ಉಗುರು ಕಚ್ಚುತ್ತಿದ್ದಳು. ಅಪ್ಪ ನನ್ನ ಕಡೆ ನೋಡಿ ನಕ್ಕ, ತಪ್ಪು ತನ್ನದೇ ಎಂಬಂತೆ.

ನಾನು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೂಗಿದೆ.

ಕಾಲು ಮುಂದೆ ಹೋಯಿತು. ಎಡಗಾಲು ತಾನಾಗಿ ಅದರ ಹಿಂದೆ ಬಂತು. ಮೂರು ವರ್ಷದ ಮೇಲೆ ಅಪ್ಪ ಕೈ ಹಚ್ಚದೆ ಇಟ್ಟ ಮೊದಲ ಪೂರ್ತಿ ಹೆಜ್ಜೆ ಅದು. ಅವನ ನಗು ಮಾತ್ರ ಇದ್ದ ಜಾಗದಲ್ಲಿರಲಿಲ್ಲ.

“ಮೈಕ್ ಎಲ್ಲಿಟ್ಟೀರಿ?” ಎಂದರು ಪರೀಕ್ಷಕರು.

“ಮೈಕ್ ಇಲ್ರಿ ಸರ್.”

“ನೀವು ಒದರಿದ್ರಿ, ಅದು ಎದ್ದಿತು. ಮೈಕ್ ಇಲ್ದ ಹೆಂಗ್ ಏಳತೈತಿ? ಬಿಚ್ಚಿ ತೋರಸ್ರಿ.”

ಬಿಚ್ಚಿ ಮೇಜಿನ ಮೇಲಿಟ್ಟೆ. ಕೂಗಿದೆ. ಯಂತ್ರ ಸತ್ತಂತೆ ಬಿದ್ದಿತ್ತು. ರೂಪಾಲಿಯ ಕಾಲಿಗೆ ಕಟ್ಟಿ ಕೂಗಿದೆ. ಏನೂ ಆಗಲಿಲ್ಲ. ಮತ್ತೆ ಅಪ್ಪನಿಗೆ ಕಟ್ಟಿ ಕೂಗಿದೆ. ಎದ್ದಿತು. ಪರೀಕ್ಷಕರು ತಾವೇ ಒಮ್ಮೆ ಬಾಯಿ ಅಗಲಿಸಿ ಕೂಗಿ ನೋಡಿದರು. ಏಳಲಿಲ್ಲ. ಗಜಾನನ ಸರ್ ಮೀಸೆಯೊಳಗೆ ನಕ್ಕರು.

“ಅಂದ್ರ ಮೈಕ್ ಇವರಽ,” ಎಂದು ಪರೀಕ್ಷಕರು ಅಪ್ಪನತ್ತ ಬೆರಳು ತೋರಿಸಿದರು. ಅವರ ಅವಸರವೆಲ್ಲ ಹೋಗಿತ್ತು. “ಭಾಳ ಛಲೋ ಐತಿ. ಇದರ ಗ್ರಾಫ್ ಬೇಕು ನನಗ. ಎರಡಾದ್ವು. ಹತ್ತ ಸಲ ಮಾಡ್ರಿ.”

ಮೂರನೆಯ ಸಲ ಕೂಗಿದೆ. ಎದ್ದಿತು.

ನಾಲ್ಕನೆಯ ಸಲ ಮೋಟಾರಿನ ಸದ್ದು ಬದಲಾಯಿತು. ಗಾಲಿಗೆ ಕಲ್ಲು ಸಿಕ್ಕಂತೆ ನರಳುತ್ತಿತ್ತು. ನೋಡಿದೆ. ಅಪ್ಪ ಕೋಲನ್ನು ಮೇಜಿಗೆ ಒರಗಿಸಿ, ಎರಡೂ ಕೈಯಿಂದ ತನ್ನ ಬಲತೊಡೆಯನ್ನು ಕೆಳಗೆ ಒತ್ತಿ ಹಿಡಿದಿದ್ದ. ಕಾಲು ಅವನ ಕೈಗಳನ್ನು ದೂಡಿಕೊಂಡು ಮುಂದೆ ಹೋಗುತ್ತಿತ್ತು. ಉಳಿದವರು ಅವನು ಸಮತೋಲ ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡಿರಬೇಕು. ಅವನ ಕಣ್ಣು ಗೋಡೆಯ ಮೇಲಿತ್ತು.

ಬ್ಯಾಟರಿಯ ತಂತಿ ಕಿತ್ತೆ.

“ಆರು ಬಾಕಿ ಅದಾವಲ್ಲ,” ಎಂದರು ಪರೀಕ್ಷಕರು.

“ಸಾಕ್ರಿ ಸರ್.”

“ಗ್ರಾಫ್ ಇಲ್ದ ನಾ ಏನಂತ ಬರೀಲಿ?”

ರೂಪಾಲಿ ನನ್ನ ಮೊಣಕೈ ಚಿವುಟಿದಳು. ಗಜಾನನ ಸರ್ ನೆಲ ನೋಡುತ್ತಿದ್ದರು.

“ನಾಲ್ಕ ಸಲ ಎದ್ದಿತು ಅಂತ ಬರೀರಿ. ನಮ್ಮಪ್ಪ ಅದನ್ನ ಎತ್ತಲಿಲ್ಲ ಅಂತನೂ ಬರೀರಿ.”

ಪರೀಕ್ಷಕರು ಕಾಗದದ ಮೇಲೆ ಏನೋ ಗೀಚಿ, ಮುಂದಿನ ಹುಡುಗರನ್ನು ಕರೆದರು.

ಕಾಲೇಜಿನ ಹಿಂದಿನ ಮೈದಾನದಲ್ಲಿ ಮೇ ತಿಂಗಳ ಬಿಸಿಲು ಕೆಂಪು ಮಣ್ಣಿನ ಮೇಲೆ ಬಿದ್ದಿತ್ತು. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ರೂಪಾಲಿ ರಿಕ್ಷಾ ಕರೆಯಲು ಹೋಗಿದ್ದಳು, ಹೋಗುವಾಗ ನನ್ನ ಕಡೆ ನೋಡಿರಲಿಲ್ಲ.

“ತಪ್ಪಾತು, ಅಪ್ಪಾ,” ಎಂದೆ.

ಅವನು ತೊಡೆ ಉಜ್ಜಿಕೊಳ್ಳುತ್ತಿದ್ದ. “ಮೊದ್ಲ ಸಲ ಗೊತ್ತಾಗ್ಲಿಲ್ಲ. ಆಮ್ಯಾಲ ನಾ ಬ್ಯಾಡ ಅನ್ನಾಕತ್ತಿದ್ದೆ. ಒಳಗಽ. ಬ್ಯಾಡ, ಬ್ಯಾಡ ಅಂತ. ನನ್ನ ಕಾಲು ನನ್ನ ಮಾತು ಕೇಳ್ಲಿಲ್ಲ. ನಿನ್ನ ಮಾತು ಕೇಳ್ತು.”

ಪೆಟ್ಟಿಗೆಯೊಳಗೆ ಪಟ್ಟಿಗಳನ್ನು ಸುತ್ತಿಡತೊಡಗಿದೆ. ಇನ್ನೆಂದೂ ಬಿಚ್ಚಬಾರದು ಎಂದುಕೊಂಡೆ.

“ಕಟ್ಟು,” ಎಂದ ಅಪ್ಪ.

“ಯಾಕ?”

“ಕಟ್ಟು ಅಂದ್ನೆಲ್ಲ.”

ಕಟ್ಟಿದೆ. ಬಿಲ್ಲೆ ಅಂಟಿಸಿ, ಕಿತ್ತ ತಂತಿಯನ್ನು ಬ್ಯಾಟರಿಗೆ ಮತ್ತೆ ಸಿಕ್ಕಿಸಿದೆ. ಸ್ವಿಚ್ಚಿನ ಡಬ್ಬಿಗೆ ಅಪ್ಪ ಕೈ ಚಾಚಿದ, ಕೊಟ್ಟೆ. ಅದನ್ನು ಕಂಬಳಿಯ ಮಡಿಕೆಯೊಳಗೆ ಇಟ್ಟುಕೊಂಡು, ಕೋಲೂರಿ ಎದ್ದು, ಖಾಲಿ ಮೈದಾನಕ್ಕೆ ಮುಖ ಮಾಡಿ ನಿಂತ.

“ನೀ ಬಾಯಿ ಬಿಡಬ್ಯಾಡ,” ಎಂದ.

ನಾನು ತುಟಿಯ ಮೇಲೆ ಕೈಯಿಟ್ಟುಕೊಂಡೆ.

ಅವನು ಎರಡು ಸಲ ಬಾಯಿ ತೆರೆದು ಮುಚ್ಚಿದ. ಬೆನ್ನ ಮೇಲಿನ ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಆಮೇಲೆ, ಪಕ್ಕದಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ಸಣ್ಣಗೆ, ತುಕ್ಕು ಹಿಡಿದ ದನಿಯಲ್ಲಿ ಅವನು ಕೂಗಿದ.

ಕಾಲು ಹೋಯಿತು. ಹಿಂದೆ ಎಡಗಾಲು. ಅವನು ನಿಂತುಬಿಟ್ಟ. ಭುಜಗಳು ಕಿವಿಯವರೆಗೆ ಏರಿದ್ದವು, ಹಿಂದಿನಿಂದ ಯಾರೋ ಮುಟ್ಟುತ್ತಾರೆ ಎಂಬಂತೆ.

“ತಂಗಿ,” ಎಂದ, ತಿರುಗದೆ. “ಹಿಂದ ಏನಾರ ಬಂತೇನು, ನೋಡು.”

ನೋಡಿದೆ. ಅವನು ದಾಟಿ ಬಂದ ಮಣ್ಣಿನಲ್ಲಿ ಎರಡು ಹೆಜ್ಜೆಯ ಗುರುತಿತ್ತು. ಅದರಾಚೆ ಬಿಸಿಲು. ಸುಳ್ಳು ಹೇಳಬಾರದೆಂದು ಮತ್ತೊಮ್ಮೆ ನೋಡಿದೆ.

“ಏನೂ ಇಲ್ಲಪ್ಪಾ.”

“ಖರೇನು?”

“ಖರೇ.”

ಅವನು ನಂಬಿದನೋ ಇಲ್ಲವೋ ತಿಳಿಯಲಿಲ್ಲ. ಕಂಬಳಿಯೊಳಗಿನ ಡಬ್ಬಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ಉಸಿರೆಳೆದು, ಈ ಸಲ ತುಸು ಗಟ್ಟಿಯಾಗಿ ಕೂಗಿದ.